ಅಂಗವೈಕಲ್ಯವೂ ಪಾಪದ ಪ್ರಶ್ನೆಯೂ: ಕ್ರೈಸ್ತ ಚಿಂತನೆಯ ಒಂದು ಸಮೀಕ್ಷೆ

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಜನರು ದೇಹಬಾಧೆಯ ಪರಿಹಾರಕ್ಕಾಗಿ ಪುಣ್ಯಸ್ಥಳಗಳನ್ನು ಅರಸಿ ಹೋಗುವುದು ಹಳೆಯ ರೂಢಿ. ಭೀಮಾ-ಅಮರಜಾ ಸಂಗಮದಲ್ಲಿರುವ ಗಾಣಗಾಪುರದ ದತ್ತಕ್ಷೇತ್ರಕ್ಕೂ ಆಳಂದದ ಲಾಡ್ಲೆ ಮಶಾಯಖರ ದರ್ಗಾಕ್ಕೂ ಮತಭೇದವಿಲ್ಲದೆ ರೋಗಿಗಳು ಬರುವರು. ಜೇವರ್ಗಿಯ ಆಗ್ನೇಯಕ್ಕೆ ಯಾದಗಿರಿಯಲ್ಲಿ ಮೆಥೋಡಿಸ್ಟ್ ಮಿಷನರಿಗಳ ಹೋಲ್ಸ್ಟನ್ ಆಸ್ಪತ್ರೆ ಬೆಳೆದು ಬಂದಿತು. 2005ರಲ್ಲಿ ಕಲಬುರಗಿಯು ಕ್ಯಾಥೊಲಿಕ್ ಧರ್ಮಪ್ರಾಂತ್ಯವೊಂದರ ಕೇಂದ್ರವಾಯಿತು. ಹೀಗೆ ಹಲವು ಮತಗಳು ಕೂಡಿ ಬಾಳುವ ಈ ಸೀಮೆಯಲ್ಲಿ, ಕುರುಡಾಗಿ ಅಥವಾ ಕುಂಟಾಗಿ ಹುಟ್ಟಿದ ಮಗುವನ್ನು ಕಂಡಾಗ ಕೇಳಿಬರುವ ಪ್ರಶ್ನೆ ಮಾತ್ರ ಬಹುಮಟ್ಟಿಗೆ ಒಂದೇ: ಇದು ಯಾರು ಮಾಡಿದ ಪಾಪದ ಫಲ? ಈ ಪ್ರಶ್ನೆಗೆ ಕ್ರೈಸ್ತ ಚಿಂತನೆಯು ಕೊಟ್ಟ ಉತ್ತರವೇನು, ಆ ಉತ್ತರವನ್ನು ಕ್ರೈಸ್ತ ಸಭೆಯು ಎಷ್ಟರಮಟ್ಟಿಗೆ ಆಚರಿಸಿತು ಎಂಬುದನ್ನು ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಪ್ರಶ್ನೆಯು ಮನಸ್ಸಿನ ಸಮಾಧಾನಕ್ಕೆ ಮಾತ್ರ ಸಂಬಂಧಿಸಿದುದಲ್ಲ. ಅದರ ನೆರಳು ಆಸ್ತಿಯ ಮೇಲೂ ಸ್ಥಾನಮಾನದ ಮೇಲೂ ಬೀಳುತ್ತದೆ. ಇದಕ್ಕೆ ನಿದರ್ಶನವು ನಮ್ಮ ಜಿಲ್ಲೆಯಲ್ಲಿಯೇ ಉಂಟು. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (ಕ್ರಿ.ಶ. 1076-1126) ಕಾಲದಲ್ಲಿ 'ಮಿತಾಕ್ಷರ'ವನ್ನು ರಚಿಸಿದ ವಿಜ್ಞಾನೇಶ್ವರನಿಗೂ ಕಲಬುರಗಿ ಜಿಲ್ಲೆಯ ಮರ್ತೂರಿಗೂ ನಂಟು ಹೇಳುವುದುಂಟು. ಮಿತಾಕ್ಷರವು ವ್ಯಾಖ್ಯಾನಿಸುವ ಯಾಜ್ಞವಲ್ಕ್ಯಸ್ಮೃತಿಯು ಕುರುಡ, ಕುಂಟ, ಹುಚ್ಚ, ವಾಸಿಯಾಗದ ರೋಗಿ ಮೊದಲಾದವರನ್ನು ಪಿತ್ರಾರ್ಜಿತದ ಪಾಲಿನಿಂದ ಹೊರಗಿಟ್ಟು, ಅವರಿಗೆ ಅನ್ನವಸ್ತ್ರವನ್ನು ಮಾತ್ರ ವಿಧಿಸುತ್ತದೆ. ಔಷಧದಿಂದ ದೋಷವು ನೀಗಿದರೆ ಪಾಲು ಸಲ್ಲಬೇಕೆಂದು ವಿಜ್ಞಾನೇಶ್ವರನು ಹೇಳುತ್ತಾನೆ. ಅದೇ ಸ್ಮೃತಿಯ ಪ್ರಾಯಶ್ಚಿತ್ತಾಧ್ಯಾಯದಲ್ಲಿ ಕೆಲವು ರೋಗಗಳನ್ನು ಪೂರ್ವಪಾಪದ ಶೇಷವೆಂದು ಎಣಿಸಲಾಗಿದೆ. ಪಾಲಿನ ಈ ಅನರ್ಹತೆಯನ್ನು ಬ್ರಿಟಿಷ್ ಭಾರತದಲ್ಲಿ 1928ರ ಕಾಯಿದೆಯು ಬಹುಮಟ್ಟಿಗೆ ತೆಗೆದುಹಾಕಿತು. ಆದರೆ ಈ ತಾಲ್ಲೂಕುಗಳು ಆಗ ನಿಜಾಮರ ಹೈದರಾಬಾದು ರಾಜ್ಯದಲ್ಲಿದ್ದವು. ರೋಗ, ದೋಷ, ಅಂಗವಿಕಾರಗಳ ಕಾರಣದಿಂದ ಯಾರೂ ಉತ್ತರಾಧಿಕಾರಕ್ಕೆ ಅನರ್ಹರಲ್ಲವೆಂದು ಸ್ಪಷ್ಟವಾಗಿ ಸಾರಿದುದು 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮದ 28ನೆಯ ಪ್ರಕರಣ.

ಯೆಹೂದ್ಯರ ಧರ್ಮಶಾಸ್ತ್ರದಲ್ಲಿಯೂ ಇಂತಹುದೇ ವಿಧಿ ಕಂಡುಬರುತ್ತದೆ. ಯಾಜಕಕುಲದಲ್ಲಿ ಹುಟ್ಟಿದವನಾದರೂ ಕುರುಡನೋ ಕುಂಟನೋ ಆಗಿದ್ದರೆ ಅವನು ಬಲಿಯರ್ಪಿಸುವಂತಿಲ್ಲ. ಪವಿತ್ರ ಆಹಾರವನ್ನು ಉಣ್ಣಬಹುದು, ಅಷ್ಟೆ. ಇದು ಯಾಜಕಕಾಂಡದ 21ನೆಯ ಅಧ್ಯಾಯದ ಕಟ್ಟಳೆ. ತಂದೆಯ ದೋಷವು ಮೂರು ನಾಲ್ಕು ತಲೆಗಳವರೆಗೆ ಮಕ್ಕಳನ್ನು ತಟ್ಟುವುದೆಂಬ ಮಾತು ವಿಮೋಚನಕಾಂಡದಲ್ಲಿದೆ. ಪ್ರವಾದಿ ಯೆಹೆಜ್ಕೇಲನು ಮಗನು ತಂದೆಯ ಪಾಪಭಾರವನ್ನು ಹೊರುವುದಿಲ್ಲವೆಂದು ಸಾರಿದನು. ಯೋಬನ ಗ್ರಂಥವು ಇನ್ನೂ ಮುಂದೆ ಹೋಗುತ್ತದೆ. ನೀತಿವಂತನಾದ ಯೋಬನು ಹುಣ್ಣುಗಳಿಂದ ನರಳುತ್ತಿರುವಾಗ, ಅವನು ಪಾಪ ಮಾಡಿಯೇ ಇರಬೇಕೆಂದು ಅವನ ಮಿತ್ರರು ವಾದಿಸುತ್ತಾರೆ; ಕೊನೆಯಲ್ಲಿ ದೇವರ ಕೋಪಕ್ಕೆ ಗುರಿಯಾಗುವವರು ಆ ಮಿತ್ರರೇ. ಆದರೆ ಸಂಕಟಕ್ಕೆ ಕಾರಣವೇನೆಂಬುದನ್ನು ದೇವರು ಯೋಬನಿಗೂ ತಿಳಿಸುವುದಿಲ್ಲ.

ಯೋಹಾನನ ಸುವಾರ್ತೆಯ 9ನೆಯ ಅಧ್ಯಾಯದಲ್ಲಿ ಶಿಷ್ಯರು ಹುಟ್ಟುಕುರುಡನೊಬ್ಬನನ್ನು ಕಂಡು ಯೇಸುವನ್ನು ಕೇಳುವ ಪ್ರಶ್ನೆಯು ಗಾಣಗಾಪುರದ ಘಟ್ಟದಲ್ಲಿ ಕೇಳಿದರೂ ಅಪರಿಚಿತವೆನಿಸದು: ಪಾಪ ಮಾಡಿದವನು ಇವನೋ, ಇವನ ತಂದೆತಾಯಿಗಳೋ? ಇಬ್ಬರೂ ಅಲ್ಲವೆಂಬುದು ಯೇಸುವಿನ ಉತ್ತರ; ದೇವರ ಕಾರ್ಯವು ಅವನಲ್ಲಿ ತೋರಿಬರಬೇಕಾಗಿದೆ ಎಂದು ಹೇಳಿ ಆತನು ಅವನಿಗೆ ದೃಷ್ಟಿಯನ್ನು ಕೊಡುತ್ತಾನೆ. ಇಲ್ಲಿ ಪ್ರಶ್ನೆಯ ದಿಕ್ಕೇ ಬದಲಾಗಿರುವುದನ್ನು ಗಮನಿಸಬೇಕು. 'ಏತರಿಂದ ಬಂದಿತು' ಎಂಬುದರ ಸ್ಥಾನದಲ್ಲಿ 'ಈಗ ಮಾಡಬೇಕಾದುದೇನು' ಎಂಬುದು ನಿಲ್ಲುತ್ತದೆ. 1831ರ ಹೊತ್ತಿಗೆ ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಮತ್ತು ವಿಲಿಯಂ ರೀವ್ ಅವರ ಶ್ರಮದಿಂದ ಸಂಪೂರ್ಣ ಬೈಬಲ್ ಕನ್ನಡದಲ್ಲಿ ಅಚ್ಚಾದಾಗ ಈ ಸಂಭಾಷಣೆಯೂ ಕನ್ನಡಿಗರ ಕೈಗೆ ಬಂದಿತು.

ಆದರೆ ಸಭೆಯ ಇತಿಹಾಸವು ಈ ಉತ್ತರಕ್ಕೆ ಸದಾ ನಿಷ್ಠವಾಗಿ ನಡೆಯಲಿಲ್ಲ. ಅದೇ ಸುವಾರ್ತೆಯ 5ನೆಯ ಅಧ್ಯಾಯದಲ್ಲಿ ಗುಣಹೊಂದಿದ ರೋಗಿಗೆ ಇನ್ನು ಪಾಪ ಮಾಡಬೇಡವೆಂದು ಎಚ್ಚರಿಸಿರುವುದರಿಂದ, ಹಳೆಯ ನಂಬಿಕೆಗೂ ಆಧಾರವು ಉಳಿದಿತ್ತು. 1215ರ ನಾಲ್ಕನೆಯ ಲ್ಯಾಟರನ್ ಪರಿಷತ್ತು, ದೇಹರೋಗವು ಕೆಲವೊಮ್ಮೆ ಪಾಪದಿಂದ ಉಂಟಾಗುವುದೆಂದು ಹೇಳಿ, ವೈದ್ಯರು ಮೊದಲು ಆತ್ಮವೈದ್ಯನಾದ ಪಾದ್ರಿಯನ್ನು ಕರೆಸುವಂತೆ ರೋಗಿಗೆ ಹೇಳಬೇಕೆಂದು ವಿಧಿಸಿತು. 1917ರ ಕ್ಯಾಥೊಲಿಕ್ ಧರ್ಮಸಂಹಿತೆಯು ಯಾಜಕಕಾರ್ಯಕ್ಕೆ ಅಡ್ಡಿಯಾಗುವ ಅಂಗದೋಷವುಳ್ಳವರನ್ನು ಗುರುದೀಕ್ಷೆಯಿಂದ ದೂರವಿರಿಸಿತ್ತು. ಆ ನಿಷೇಧವು ಕೈಬಿಟ್ಟುಹೋದುದು 1983ರ ಸಂಹಿತೆಯಲ್ಲಿ. ಮರುವರ್ಷ ಎರಡನೆಯ ಜಾನ್ ಪಾಲ್ ಪೋಪರು ಸಂಕಟವನ್ನು ಕುರಿತು ಹೊರಡಿಸಿದ ಪತ್ರದಲ್ಲಿ, ಎಲ್ಲ ನೋವೂ ಅಪರಾಧದ ದಂಡನೆಯಲ್ಲವೆಂದು ಯೋಬನನ್ನು ಮುಂದಿಟ್ಟು ವಿವರಿಸಿದರು.

ಪಾಪದ ಕಳಂಕವನ್ನು ಎಲ್ಲಕ್ಕಿಂತ ಹೆಚ್ಚಾಗಿ ಹೊತ್ತುದು ಕುಷ್ಠರೋಗ. ಅದಕ್ಕೆ ಕಾರಣವಾದ ಜೀವಾಣುವನ್ನು ನಾರ್ವೆಯ ಹ್ಯಾನ್ಸನ್ 1873ರಲ್ಲಿ ಕಂಡುಹಿಡಿದನು. 1946ರಲ್ಲಿ ವೆಲ್ಲೂರಿಗೆ ಬಂದ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್ ಅವರು, ನರಗಳು ಕೆಟ್ಟು ನೋವಿನ ಅರಿವು ಅಳಿಯುವುದರಿಂದ, ಗಮನಕ್ಕೆ ಬಾರದ ಗಾಯಗಳಿಂದಲೇ ರೋಗಿಯ ಬೆರಳುಗಳು ಬಹುಮಟ್ಟಿಗೆ ಸವೆಯುವುವೆಂದು ತೋರಿಸಿಕೊಟ್ಟರು. ಶ್ರದ್ಧಾವಂತ ಕ್ರೈಸ್ತರಾದ ಅವರು ನೋವನ್ನು ದೇಹದ ಕಾವಲುಗಾರನೆಂದೂ ದೇವರ ಕೊಡುಗೆಯೆಂದೂ ತಿಳಿದರು. ಈ ವಿವರಣೆಗೆ ಮಿತಿಯಿದೆ. ನೋವಿನ ಉಪಯೋಗವನ್ನು ಅದು ತಿಳಿಸಬಲ್ಲುದು. ಹುಟ್ಟಿನಿಂದ ಬಂದ ಕುರುಡುತನಕ್ಕೂ ಗುಣವಾಗದ ನರಳಿಕೆಗೂ ಅದು ಉತ್ತರವಾಗಲಾರದು. ವೆಲ್ಲೂರಿನಲ್ಲಿಯೇ ವೈದ್ಯೆಯಾಗಿದ್ದ ಮೇರಿ ವರ್ಗೀಸ್ ಅವರು 1954ರ ವಾಹನಾಪಘಾತದಲ್ಲಿ ಕಾಲುಗಳ ಶಕ್ತಿಯನ್ನು ಕಳೆದುಕೊಂಡರು. ಗಾಲಿಕುರ್ಚಿಯಲ್ಲಿ ಕುಳಿತೇ ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. 1966ರಲ್ಲಿ ಅಲ್ಲಿ ಆರಂಭವಾದ ಪುನರ್ವಸತಿ ಕೇಂದ್ರಕ್ಕೆ ಅವರ ಪರಿಶ್ರಮವೇ ಮೂಲ.

ಗುಣವಾಗದವರ ಗತಿಯೇನೆಂಬ ಪ್ರಶ್ನೆಯನ್ನು ಎತ್ತಿಕೊಂಡವರು, ಸ್ವತಃ ಅಂಗವಿಕಲರಾಗಿದ್ದ ಅಮೆರಿಕದ ನ್ಯಾನ್ಸಿ ಐಸ್‌ಲ್ಯಾಂಡ್. ಪುನರುತ್ಥಾನಗೊಂಡ ಕ್ರಿಸ್ತನ ಕೈಕಾಲುಗಳಲ್ಲಿ ಗಾಯಗಳು ಹಾಗೆಯೇ ಉಳಿದಿದ್ದವೆಂಬ ಸುವಾರ್ತೆಯ ವೃತ್ತಾಂತವನ್ನು ಅವರು 1994ರ ತಮ್ಮ ಗ್ರಂಥದಲ್ಲಿ ಮುಖ್ಯವಾಗಿ ಎತ್ತಿ ಹಿಡಿದರು. ದೈವದ ದೇಹವೇ ಗಾಯಗೊಂಡುದಾದರೆ, ಊನವು ದೈವಕೃಪೆಯಿಂದ ದೂರವಾದುದರ ಗುರುತಾಗಲಾರದೆಂಬುದು ಅವರ ವಾದದ ಸಾರ.

ದೇವರು ನೋವನ್ನು ಏಕೆ ಬಿಟ್ಟಿದ್ದಾನೆಂಬ ಮೂಲಪ್ರಶ್ನೆಯನ್ನು ಕ್ರೈಸ್ತ ಗ್ರಂಥಗಳು ಬಿಡಿಸಿಲ್ಲವೆಂಬುದನ್ನು ಒಪ್ಪಬೇಕು. ಅವು ಅತ್ಯುತ್ತಮ ಭಾಗಗಳಲ್ಲಿ ಮಾಡಿರುವುದು ಮತ್ತೊಂದು ಕೆಲಸ. ಅಂಗವಿಕಲನ ಹೆಗಲ ಮೇಲೆ ಎರಡು ಹೊರೆಗಳಿರುತ್ತವೆ: ದೇಹದ ಊನವು ಒಂದು, ಅದಕ್ಕೆ ತಾನೋ ತನ್ನ ಹೆತ್ತವರೋ ಕಾರಣರೆಂಬ ನಿಂದೆಯು ಮತ್ತೊಂದು. ಮೊದಲನೆಯದನ್ನು ಇಳಿಸುವುದು ಎಲ್ಲ ಸಂದರ್ಭಗಳಲ್ಲಿ ವೈದ್ಯರಿಗೂ ಸಾಧ್ಯವಾಗದು. ಎರಡನೆಯದನ್ನು ಹೊರಿಸಿದವರು ಮನುಷ್ಯರು, ಇಳಿಸಬೇಕಾದವರೂ ಅವರೇ. ಇಪ್ಪತ್ತೊಂದು ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದ 2016ರ ಕಾಯಿದೆಯು ಸಮಾನತೆಯನ್ನು ಹಕ್ಕೆಂದು ಘೋಷಿಸಿದೆ. ಆದರೆ ಮನೆಯ ಜಗುಲಿಯಲ್ಲಿ ಏಳುವ ಪ್ರಶ್ನೆಯನ್ನು ಕಾಯಿದೆಯು ಬದಲಿಸಲಾರದು. ಭೀಮೆಯ ದಡದಲ್ಲಿ ಯಾವ ಮತದವರೇ ಆಗಲಿ, ಒಂದು ಸಿದ್ಧಾಂತವನ್ನು ಅಳೆಯುವಾಗ, ಅದು ಆ ಎರಡನೆಯ ಹೊರೆಯನ್ನು ಇಳಿಸಿತೆ, ಹೆಚ್ಚಿಸಿತೆ ಎಂದು ಮೊದಲು ನೋಡುವುದು ಉಚಿತ.