ಬೇಗೂರು ರಸ್ತೆಯ ನಾಯಿಗೆ ಹೊಸ ಕೆಲಸ

ಬೊಮ್ಮನಹಳ್ಳಿಯಲ್ಲಿ ಬೇಗೂರು ರಸ್ತೆಯಿಂದ ಒಳಕ್ಕೆ ತಿರುಗುವ ಗಲ್ಲಿಯೊಂದರಲ್ಲಿ ಸಂಜೆ ಹೊತ್ತು ಸ್ಟೀಲ್ ತಟ್ಟೆ ಬಿದ್ದ ಸದ್ದು ಕೇಳಿದರೆ ಅದು ಯಾರದೋ ಕೈಜಾರಿ ಬಿದ್ದದ್ದಲ್ಲ. ಗಾರ್ಮೆಂಟ್ಸ್‌ನಲ್ಲಿ ಸೂಪರ್‌ವೈಸರ್ ಆಗಿದ್ದು ಈಗ ಮನೆಯಲ್ಲಿರುವ ಅಕ್ಕ ಒಬ್ಬರು ಬೇಕೆಂದೇ ಬೀಳಿಸಿದ್ದು. ಮೂರು ಮಾರು ದೂರದಲ್ಲಿ ಮಲಗಿದ್ದ ಕಂದು ನಾಯಿ ಬೆಚ್ಚಿ ಎದ್ದು ನಿಲ್ಲುತ್ತದೆ. ಆಮೇಲೆ ಏನು ಮಾಡುತ್ತದೆ ಅನ್ನುವುದರ ಮೇಲೆ ಅಕ್ಕನ ಕಣ್ಣು. "ಬೆಚ್ಚದೇ ಇರೋ ಪ್ರಾಣಿ ಎಲ್ಲಿದೆ ಹೇಳಿ? ಬೆಚ್ಚಿದ್ಮೇಲೆ ವಾಪಸ್ ಬಂದು ತಟ್ಟೆ ಮೂಸ್ಬೇಕು. ಮೂಸಿದ್ರೆ ಪಾಸು."

ವೃದ್ಧಾಶ್ರಮದ ಅಜ್ಜ–ಅಜ್ಜಿಯರ ಜತೆ ಒಂದಷ್ಟು ಹೊತ್ತು ಕೂತು ಬರುವುದಕ್ಕೆ ನಡೆಯುವ ತಯಾರಿ ಇದು. ಥೆರಪಿ ನಾಯಿ ಎಂದರೆ ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್ ಎಂದೇ ನಮ್ಮ ಎಣಿಕೆ. ಇದು ಸಂತಾನಹರಣ ಚಿಕಿತ್ಸೆಯ ಗುರುತಾಗಿ ಕಿವಿಯಲ್ಲಿ ಕಚ್ಚು ಹಾಕಿಸಿಕೊಂಡ ಬೀದಿನಾಯಿ. ಹೊಸೂರು ರಸ್ತೆಯ ಲಾರಿ ಹಾರನ್ ಕೇಳುತ್ತಲೇ ಬೆಳೆದದ್ದು. ವೀಲ್‌ಚೇರ್ ಕಿರ್ರೆಂದರೆ ಅದಕ್ಕೇನು?

ಶುರುಮಾಡುವವರು ಮೊದಲು ಪಶುವೈದ್ಯರ ಹತ್ತಿರ ಹೋಗಬೇಕು. ರೇಬೀಸ್ ಮತ್ತು ಉಳಿದ ಲಸಿಕೆಗಳು, ಜಂತಿನ ಔಷಧಿ, ಆರೋಗ್ಯದ ಪತ್ರ. ನಾಯಿಗೆ ಕನಿಷ್ಠ ಒಂದು ವರ್ಷ ತುಂಬಿರಬೇಕು, ಹೋಗುವ ಮುನ್ನ ಸ್ನಾನ ಮಾಡಿಸಿ ಉಗುರು ಕತ್ತರಿಸಿರಬೇಕು. 'ಕೂತ್ಕೋ', 'ಬಿಡು' ಎಂದರೆ ಕೇಳಬೇಕು. ನೆಲಕ್ಕೆ ಬಿದ್ದ ಮಾತ್ರೆಯನ್ನು ನೆಕ್ಕದಿರಲು ಈ 'ಬಿಡು' ಬೇಕೇ ಬೇಕು.

ಆದರೆ ಕಲಿಯುವುದು ಹೆಚ್ಚಿರುವುದು ಮನುಷ್ಯರಿಗೆ. ಅಕ್ಕ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ನಾಯಿಯ ಮುಖ ತೋರಿಸಿದರು. ಅಕ್ಕಪಕ್ಕದ ಮಕ್ಕಳು ಮೂವರು ಒಟ್ಟಿಗೆ ಬೆನ್ನು ಸವರುತ್ತಿದ್ದರು. ನಾಯಿ ಒಮ್ಮೆ ಆಕಳಿಸಿತು. ನಿದ್ದೆ ಬಂತೇನೋ ಎಂದುಕೊಂಡೆ. ಮೂಗು ನೆಕ್ಕಿಕೊಂಡಿತು, ಮುಖ ಆಚೆ ತಿರುಗಿಸಿತು, ಕಣ್ಣಂಚಿನ ಬಿಳಿ ಕಂಡಿತು. ಅಷ್ಟಕ್ಕೇ ಅಕ್ಕ "ಸಾಕು ಕಂದಮ್ಮಗಳಾ, ಅದಕ್ಕೆ ಸಾಕಾಯ್ತು" ಎಂದು ನಾಯಿಯನ್ನು ಎಬ್ಬಿಸಿಕೊಂಡು ಹೊರಟರು. ಗುರ್ರೆನ್ನುವ ತನಕ ಕಾಯುವವರು ಈ ಸೇವೆಗೆ ಬರಬಾರದು ಎನ್ನುವುದು ಅವರ ಖಚಿತ ಮಾತು; ನನಗೂ ಅದೇ ಸರಿ ಎನಿಸುತ್ತದೆ. ಒಂದು ಭೇಟಿ ಒಂದು ಗಂಟೆ ಮೀರಬಾರದು. ನಾಯಿಗೆ ಹೆದರುವವರು, ಅಲರ್ಜಿ ಇರುವವರು, ಮಾಸದ ಗಾಯ ಇರುವವರ ಹತ್ತಿರ ಹೋಗಲೇಬಾರದು.

ಥೆರಪಿ ನಾಯಿಯ ಪದ್ಧತಿಗೆ ಹೆಸರು ತಂದವರಲ್ಲಿ ಮೊದಲಿಗರು ನ್ಯೂಯಾರ್ಕಿನ ಮನಶ್ಶಾಸ್ತ್ರಜ್ಞ ಬೋರಿಸ್ ಲೆವಿನ್ಸನ್. ಯಾರೊಡನೆಯೂ ಬೆರೆಯದ ಹುಡುಗನೊಬ್ಬ ಅವರ ನಾಯಿ ಜಿಂಗಲ್ಸ್ ಜತೆ ಹೊಂದಿಕೊಂಡದ್ದನ್ನು ಕಂಡು 1962ರಲ್ಲಿ ಅವರು ಬರೆದ ಲೇಖನ ಪ್ರಸಿದ್ಧ. ನಮ್ಮ ಕಡೆ ಚೆನ್ನೈನ ಬ್ಲೂ ಕ್ರಾಸ್ 'ಡಾಕ್ಟರ್ ಡಾಗ್' ಎಂಬ ಕಾರ್ಯಕ್ರಮ ನಡೆಸಿತು. ನಾಯಿಗೆ ಗೌರವ ಕೊಡುವುದು ಕನ್ನಡನಾಡಿಗೇನೂ ಹೊಸದಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ, ಕ್ರಿ.ಶ. 949–50ರದ್ದು, ಕಾಡುಹಂದಿಯೊಡನೆ ಹೋರಾಡಿ ಅದನ್ನು ಕೊಂದು ತಾನೂ ಸತ್ತ ಕಾಳಿ ಎಂಬ ನಾಯಿಯನ್ನು ನೆನೆಯುತ್ತದೆ. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಾಳಿಗೆ ಕಲ್ಲು ನಿಂತದ್ದು ಅದರ ಕೆಚ್ಚಿಗೆ. ಬೇಗೂರು ರಸ್ತೆಯ ನಾಯಿ ಮಾಡುವುದು ಅಜ್ಜಿಯೊಬ್ಬರ ನಡುಗುವ ಕೈಗೆ ತಲೆಯೊಡ್ಡಿ ಸುಮ್ಮನೆ ಕೂರುವ ಕೆಲಸ. ಇದನ್ನೂ ಯಾರಾದರೂ ಬರೆದಿಡಬೇಕು.

ವೃದ್ಧಾಶ್ರಮಕ್ಕೆ ಹೋಗಿಬರುವುದೇ ದೊಡ್ಡ ಪಾಡು. 2025ರಲ್ಲಿ ಬೊಮ್ಮನಹಳ್ಳಿಗೆ ಹಳದಿ ಮಾರ್ಗದ ಮೆಟ್ರೊ ಬಂತು, ನಾಯಿಗೆ ಪ್ರವೇಶವಿಲ್ಲ. ಆಟೊದವರು ಲ್ಯಾಬ್ರಡಾರ್ ಕಂಡರೆ ಒಪ್ಪಿಯಾರು, ಬೀದಿನಾಯಿ ಎಂದರೆ ಗಾಡಿ ಮುಂದಕ್ಕೆ ಎಳೆಯುತ್ತಾರೆ. ಒಂದು ಕಡೆ ಗೇಟಿನಲ್ಲೇ "ಜಾತಿನಾಯಿ ಇಲ್ವಾ ಮೇಡಂ?" ಎಂದು ಕೇಳಿ ವಾಪಸ್ ಕಳಿಸಿದ್ದರಂತೆ.

ನಾಯಿಯ ಮೂತಿ ಬೆಳ್ಳಗಾಗುತ್ತಿದೆ, ಈಗೀಗ ಆಕಳಿಕೆ ಬೇಗ ಬರುತ್ತದೆ. "ಇನ್ನು ಸ್ವಲ್ಪ ದಿನ ಅಷ್ಟೇ, ಆಮೇಲೆ ಬಿಡಿಸ್ಬಿಡ್ತೀನಿ" ಎಂದರು ಅಕ್ಕ. ಗಲ್ಲಿಯಲ್ಲಿ ಇನ್ನೂ ನಾಲ್ಕು ನಾಯಿಗಳಿವೆ, ಒಳ್ಳೇ ಸ್ವಭಾವದವೇ. ತಟ್ಟೆ ಹಿಡಿದು ಅವುಗಳ ಜತೆ ಕೂರುವವರು ಮಾತ್ರ ಇನ್ನೂ ಯಾರೂ ಬಂದಿಲ್ಲ.