ಹತ್ತಿರವಿದ್ದೂ ದೂರವಾದ ಎರಡು ವಿಮಾನ ನಿಲ್ದಾಣಗಳು

ನಿಮ್ಮ ಮನೆಯ ಗೋಡೆಯ ಮೇಲೆ ಪ್ರಪಂಚದ ಭೂಪಟವಿದ್ದರೆ ಅದರ ಮೇಲಂಚನ್ನು ಒಮ್ಮೆ ನೋಡಿರಿ. ಎಡತುದಿಯಲ್ಲಿ ಅಲಾಸ್ಕದ ನೆತ್ತಿ. ಅಲ್ಲಿರುವ ಊರು ಉತ್ಕಿಯಾಗ್ವಿಕ್. 2016ರವರೆಗೆ ಇದಕ್ಕೆ ಬ್ಯಾರೋ ಎಂಬ ಹೆಸರಿತ್ತು. ನಾರ್ವೆ ದೇಶದ ಮೇಲುಗಡೆ ಸ್ವಾಲ್ಬಾರ್ಡ್ ದ್ವೀಪಗಳು. ಅಲ್ಲಿಯ ಮುಖ್ಯ ಊರು ಲಾಂಗ್‌ಯರ್‌ಬ್ಯೇನ್. ಎರಡು ಕಡೆಯೂ ವಿಮಾನ ನಿಲ್ದಾಣವುಂಟು. ಪಟದಲ್ಲಿ ಇವುಗಳ ನಡುವಣ ಅಂತರ ಹೆಚ್ಚುಕಡಮೆ ಅರ್ಧ ಪ್ರಪಂಚದ ಅಗಲ.

ಈಗ ಪಟವನ್ನು ಬಿಟ್ಟು ಒಂದು ಕಿತ್ತಳೆ ಹಣ್ಣನ್ನು ಕೈಗೆತ್ತಿಕೊಳ್ಳಿ. ತೊಟ್ಟೇ ಉತ್ತರ ಧ್ರುವ. ಅದರ ಆಚೆಗೊಂದು, ಈಚೆಗೊಂದು ಗುಂಡುಸೂಜಿ ಚುಚ್ಚಿ ದಾರವನ್ನು ಬಿಗಿಯಾಗಿ ಎಳೆಯಿರಿ. ದಾರವು ತೊಟ್ಟಿನ ಮಗ್ಗುಲಲ್ಲೇ ಹಾಯುವುದಲ್ಲವೆ? ಇದೇ ನೇರವಾದ ದಾರಿ. ಉದ್ದ ಸುಮಾರು 3,380 ಕಿಲೋಮೀಟರು. ಗಂಟೆಗೆ 800 ಕಿಲೋಮೀಟರು ಹಾರುವ ಜೆಟ್ ವಿಮಾನಕ್ಕೆ ಸುಮಾರು ನಾಲ್ಕೂಕಾಲು ಗಂಟೆಯ ಕೆಲಸ. ಅಲಾಸ್ಕದಿಂದ ಹೊರಟವನು ಅರ್ಧಕ್ಕಿಂತ ಹೆಚ್ಚು ದಾರಿ ಉತ್ತರಕ್ಕೆ ಹೋಗಿ, ವಿಮಾನ ತಿರುಗದೆಯೇ ದಕ್ಷಿಣಕ್ಕೆ ಹೋಗತೊಡಗುತ್ತಾನೆ!

ಈ ಎರಡು ನೆಲಗಳ ನಡುವೆ ಮೊದಲು ವಿಮಾನದಲ್ಲಿ ಹಾರಿದವರು ಹ್ಯೂಬರ್ಟ್ ವಿಲ್ಕಿನ್ಸ್ ಮತ್ತು ಚಾಲಕ ಕಾರ್ಲ್ ಬೆನ್ ಐಲ್ಸನ್. 1928ರ ಏಪ್ರಿಲ್ 15ರಂದು ಬ್ಯಾರೋವಿನಿಂದ ಒಂದೇ ಎಂಜಿನ್ನಿನ ಲಾಕ್‌ಹೀಡ್ ವೇಗಾ ವಿಮಾನದಲ್ಲಿ ಹೊರಟರು. ಧ್ರುವದ ಬಳಿ ದಿಕ್ಕು ಗಳಿಗೆ ಗಳಿಗೆಗೂ ಬದಲಾಗುವುದರಿಂದ, ವಿಲ್ಕಿನ್ಸ್ ಸೂರ್ಯನ ಎತ್ತರವನ್ನು ಅಳೆದು ಲೆಕ್ಕ ಹಾಕುತ್ತಲೇ ಇರಬೇಕಾಯಿತು. ಇಪ್ಪತ್ತು ಗಂಟೆಗೂ ಮಿಗಿಲಾದ ಹಾರಾಟದ ಮೇಲೆ ಸ್ವಾಲ್ಬಾರ್ಡ್ ತಲಪಿದಾಗ ಬಿರುಗಾಳಿ. ಜನರಿಲ್ಲದ ದ್ವೀಪವೊಂದರ ಮೇಲೆ ಇಳಿದು ಐದು ದಿನ ಅಲ್ಲಿಯೇ ಕಳೆದರು. ಮತ್ತೆ ಏಳಬೇಕೆಂದರೆ ವಿಮಾನ ಮಂಜಿಗೆ ಕಚ್ಚಿಕೊಂಡಿತ್ತು. ವಿಲ್ಕಿನ್ಸ್ ಕೆಳಗಿಳಿದು ದೂಡಿದರು. ವಿಮಾನ ಅವರನ್ನು ಬಿಟ್ಟೇ ಹಾರಿತು! ಐಲ್ಸನ್ ಮರಳಿ ಬಂದರು. ಎರಡನೆಯ ಬಾರಿಯೂ ಹಾಗೆಯೇ ಆಯಿತು. ಮೂರನೆಯ ಸಲ ಹೇಗೋ ಒಳಕ್ಕೆ ಹತ್ತಿಕೊಂಡು, ಗ್ರೀನ್ ಹಾರ್ಬರಿನ ರೇಡಿಯೋ ಕೇಂದ್ರವನ್ನು ಸೇರಿದರು. ಅಲ್ಲಿಂದಲೇ ಸುದ್ದಿ ಹೊರ ಪ್ರಪಂಚಕ್ಕೆ ಮುಟ್ಟಿತು.

ಇಂದು ಇದೇ ಪ್ರಯಾಣಕ್ಕೆ ಎಷ್ಟು ಹೊತ್ತು ಬೇಕು? ನಾಲ್ಕೂಕಾಲು ಗಂಟೆಯೆಂದು ನೀವು ಹೇಳಿದರೆ ಲೆಕ್ಕ ಸರಿ, ಉತ್ತರ ತಪ್ಪು. ಈ ಊರುಗಳ ನಡುವೆ ನೇರ ವಿಮಾನವೇ ಇಲ್ಲ. ಪ್ರಯಾಣಿಕನು ಆಂಕರೇಜಿಗೆ ಇಳಿದು, ಸಿಯಾಟಲ್‌ಗೆ ಹೋಗಿ, ಅಟ್ಲಾಂಟಿಕ್ ದಾಟಿ ಓಸ್ಲೋ ಸೇರಿ, ಮತ್ತೆ ಸುಮಾರು 2,000 ಕಿಲೋಮೀಟರು ಉತ್ತರಕ್ಕೆ ಏರಬೇಕು. ಒಟ್ಟು ದಾರಿ 12,000 ಕಿಲೋಮೀಟರನ್ನು ಮೀರುತ್ತದೆ. ನಡುನಡುವೆ ಕಾಯುವುದನ್ನು ಸೇರಿಸಿದರೆ, ವಿಲ್ಕಿನ್ಸ್ ಹಾರಿದ ಹೊತ್ತಿಗಿಂತಲೂ ಹೆಚ್ಚು!

ಕಾರಣವೇನೂ ಗೂಢವಲ್ಲ. ಉತ್ಕಿಯಾಗ್ವಿಕ್‌ನಲ್ಲಿ ಸುಮಾರು 5,000 ಜನ, ಲಾಂಗ್‌ಯರ್‌ಬ್ಯೇನ್‌ನಲ್ಲಿ ಅದರ ಅರ್ಧದಷ್ಟು. ಒಂದು ಊರಿನವರಿಗೆ ಇನ್ನೊಂದರಲ್ಲಿ ನೆಂಟರಿಲ್ಲ, ವ್ಯಾಪಾರವಿಲ್ಲ. ಅವರ ಅಂಗಡಿಯ ಸಾಮಾನು, ಅಂಚೆ, ಆಸ್ಪತ್ರೆಯ ದಾರಿ ಎಲ್ಲವೂ ದಕ್ಷಿಣದ ದೊಡ್ಡ ನಗರಗಳ ಕಡೆಗೇ. ಮೇಲಾಗಿ ನೇರ ದಾರಿಯ ಕೆಳಗಿರುವುದು ಹೆಪ್ಪುಗಟ್ಟಿದ ಕಡಲು. ಎಂಜಿನ್ ಕೈಕೊಟ್ಟರೆ ಇಳಿಯಲು ಅಲ್ಲಿ ನೆಲವಿಲ್ಲ.