ಇರುಳಾಗುವ ಮುನ್ನ ಬೀಡು

ವೇಳಾಂಗಣಿಯ ಆರೋಗ್ಯಮಾತೆಯ ಸನ್ನಿಧಿಗೆ ಹೋಗಿ ಬರುವ ಹರಕೆ ನಮ್ಮ ಕುಟುಂಬಗಳಲ್ಲಿ ಹೊಸದೇನಲ್ಲ. ಸೊರಬದ ಒಂದು ಮನೆಯವರು, ಶಿಕಾರಿಪುರದ ಎರಡು ಮನೆಯವರು ಕೂಡಿ ಟೆಂಪೋ ಟ್ರಾವೆಲರ್ ಒಂದನ್ನು ಬಾಡಿಗೆಗೆ ಹಿಡಿದು, ಅಕ್ಕಿ, ಬೇಳೆ, ಗ್ಯಾಸ್ ಒಲೆ, ಚಾಪೆ, ಕಂಬಳಿಗಳನ್ನು ತುಂಬಿಕೊಂಡು ಹೊರಟರೆ ಮನೆಯನ್ನೇ ಹೊತ್ತು ನಡೆದಂತಾಗುತ್ತದೆ. ಖರ್ಚಿನ ಲೆಕ್ಕ, ಬಲಿಪೂಜೆಯ ವೇಳೆ, ಅರ್ಪಿಸಬೇಕಾದ ಮೇಣದಬತ್ತಿಗಳ ಸಂಖ್ಯೆ ಎಲ್ಲವನ್ನೂ ಮುಂಚಿತವಾಗಿ ಬರೆದಿಟ್ಟುಕೊಳ್ಳುತ್ತೇವೆ. ಇರುಳು ಎಲ್ಲಿ ತಂಗುವುದೆಂಬ ಒಂದು ಸಂಗತಿಯನ್ನು ಮಾತ್ರ ದಾರಿಗೆ ಬಿಟ್ಟುಬಿಡುತ್ತೇವೆ.

ಆ ತಪ್ಪನ್ನು ಕೆಲವು ವರ್ಷಗಳ ಹಿಂದೆ ನಾವೂ ಮಾಡಿದೆವು. ಆಗಸ್ಟ್ 29ರ ಧ್ವಜಾರೋಹಣದಿಂದ ಸೆಪ್ಟೆಂಬರ್ 8ರ ಹಬ್ಬದವರೆಗೆ ವೇಳಾಂಗಣಿಯ ದಾರಿಯೆಲ್ಲ ಯಾತ್ರಿಕರಿಂದ ತುಂಬಿರುತ್ತದೆಂದು ಅರಿತಿದ್ದರೂ ಆ ದಿನಗಳಲ್ಲೇ ಹೊರಟೆವು. ನಾವು ಹದಿನಾಲ್ಕು ಮಂದಿ. ಅವರಲ್ಲಿ ಎಪ್ಪತ್ತೆಂಟರ ಅಜ್ಜಿಯೊಬ್ಬರು, ಹಾಲು ಕುಡಿಯುವ ಮಗುವೊಂದು. ಬೆಳಗಿನ ಜಾವ ನಾಲ್ಕಕ್ಕೆ ಸೊರಬ ಬಿಟ್ಟ ವಾಹನ ಶಿರಾಳಕೊಪ್ಪ, ಶಿಕಾರಿಪುರ, ಶಿವಮೊಗ್ಗ ದಾಟಿ ಬೆಂಗಳೂರು ಸೇರುವಾಗ ಮಧ್ಯಾಹ್ನ ಕಳೆದಿತ್ತು. ಆ ಮಹಾನಗರದಿಂದ ಹೊರಬೀಳಲು ಮೂರು ಗಂಟೆ ಹಿಡಿಯಿತು. ಕೃಷ್ಣಗಿರಿಯ ಬಳಿ ಕತ್ತಲಾಯಿತು. ಅಲ್ಲಿಂದಾಚೆಗೆ ಒಂದು ಛತ್ರದಲ್ಲಿ ಕೇಳಿದೆವು, ಸ್ಥಳವಿಲ್ಲ. ಇನ್ನೊಂದು ವಸತಿಗೃಹದಲ್ಲಿ ಸ್ಥಳವಿತ್ತು, ಆದರೆ ಹದಿನಾಲ್ಕು ಮಂದಿಗೆ ಹೇಳಿದ ಬಾಡಿಗೆ ನಮ್ಮ ಶಕ್ತಿಗೆ ಮೀರಿದುದಾಗಿತ್ತು. ಪೆಟ್ರೋಲ್ ಬಂಕೊಂದರ ಅಂಚಿನಲ್ಲಿ ನಿಲ್ಲಿಸಿದರೆ ಕಾವಲುಗಾರನು ಲಾರಿಗಳಿಗೆ ಜಾಗ ಬೇಕೆಂದು ಎಬ್ಬಿಸಿದನು. ಅವನ ಕರ್ತವ್ಯವನ್ನು ಅವನು ಮಾಡಿದನು, ದೂರುವುದಕ್ಕಿಲ್ಲ. "ಇನ್ನು ತಿರುಚಿಗೇ ಹೋಗಿಬಿಡೋಣ ಸರ್, ನನಗೇನೂ ನಿದ್ದೆ ಇಲ್ಲ" ಎಂದ ಚಾಲಕ. ನಾವೂ ಒಪ್ಪಿದೆವು.

ನಾಮಕ್ಕಲ್ ದಾಟಿ ಕಾವೇರಿಯ ದಂಡೆಯ ರಸ್ತೆಯಲ್ಲಿ ಸಾಗುತ್ತಿದ್ದಾಗ, ಇರುಳು ಎರಡು ಗಂಟೆಯ ಸುಮಾರಿಗೆ, ವಾಹನ ಮೆಲ್ಲನೆ ಎಡಕ್ಕೆ ವಾಲಿತು. ಎಚ್ಚರವಿದ್ದವರು ಅಜ್ಜಿ ಒಬ್ಬರೇ. ಕೈಯಲ್ಲಿ ಜಪಸರ ಹಿಡಿದಿದ್ದ ಅವರು "ತಮ್ಮಾ!" ಎಂದು ಕೂಗಿದ ಕೂಗಿಗೆ ಚಾಲಕ ಬ್ರೇಕ್ ಒತ್ತಿದನು. ಮುಂದಿನ ಚಕ್ರ ಮಣ್ಣಿನ ಅಂಚಿಗೆ ಇಳಿದು ನಿಂತಿತ್ತು. ಅದರಾಚೆಗೆ ಇಳಿಜಾರು, ಇಳಿಜಾರಿನಾಚೆ ನೀರು. ಯಾರಿಗೂ ಗಾಯವಾಗಲಿಲ್ಲ. ಇಪ್ಪತ್ತೆರಡು ಗಂಟೆಗಳ ಕಾಲ ಒಬ್ಬನೇ ಚಾಲಕನನ್ನು ದುಡಿಸಿದ್ದೆವೆಂಬ ಲೆಕ್ಕ ನಮಗೆ ಹೊಳೆದದ್ದು ಆಗಲೇ. 1988ರ ಮೋಟಾರು ವಾಹನ ಕಾಯಿದೆಯ 91ನೆಯ ಕಲಮು ಬಾಡಿಗೆ ವಾಹನದ ಚಾಲಕನ ದುಡಿಮೆಗೆ ಆಗ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯ ಮಿತಿಯನ್ನೇ ಅನ್ವಯಿಸುತ್ತಿತ್ತು. ಸಾಮಾನ್ಯವಾಗಿ ಅದು ದಿನಕ್ಕೆ ಎಂಟು ಗಂಟೆ. ಕಾಯಿದೆಯನ್ನು ನಾವು ಓದಿದ್ದು ಊರಿಗೆ ಮರಳಿದ ಮೇಲೆ. ಹರಕೆ ಹೊತ್ತವರು ನಾವು, ನಿದ್ದೆಗೆಟ್ಟವನು ಅವನು.

ನಮ್ಮ ಸೀಮೆಯವರಾಗಿ ನಾವು ಹೀಗೆ ಎಡವಿದ್ದು ನಾಚಿಕೆಗೇಡು ಎನ್ನಲು ಕಾರಣವುಂಟು. ದೂರದ ದಾರಿಯಲ್ಲಿ ಬೀಡು ಹುಡುಕುವ ವಿದ್ಯೆಯನ್ನು ತಲೆಮಾರುಗಳಿಂದ ಬಲ್ಲವರು ನಮ್ಮ ನೆರೆಯಲ್ಲೇ ಇದ್ದಾರೆ. ಶಿಕಾರಿಪುರ ತಾಲ್ಲೂಕಿನಲ್ಲಿ ಎಷ್ಟೊಂದು ಲಂಬಾಣಿ ತಾಂಡಾಗಳಿವೆ! ಇಂದು ತಾಂಡಾ ಎಂದರೆ ನೆಲೆನಿಂತ ಊರು. ಹಿಂದೆ ಆ ಮಾತು ಸರಕು ಹೊತ್ತು ನಡೆಯುವ ಎತ್ತುಗಳ ಸಾಲಿಗೂ, ಆ ಸಾಲು ಬೀಡುಬಿಟ್ಟ ನೆಲೆಗೂ ಸಲ್ಲುತ್ತಿತ್ತು. 17ನೆಯ ಶತಮಾನದಲ್ಲಿ ಭಾರತವನ್ನು ಸುತ್ತಿದ ಫ್ರೆಂಚ್ ರತ್ನವ್ಯಾಪಾರಿ ತವೆರ್ನಿಯೇ, ಧಾನ್ಯ, ಉಪ್ಪು ಮುಂತಾದುವನ್ನು ಹೊತ್ತ ಹತ್ತು ಹನ್ನೆರಡು ಸಾವಿರ ಎತ್ತುಗಳ ಸಾಲುಗಳನ್ನು ಕಂಡುದಾಗಿ ಬರೆದಿದ್ದಾನೆ. ಅಂಥ ಸಾಲು ಎದುರಾದರೆ ಅದು ದಾಟಿಹೋಗಲು ಎರಡು ಮೂರು ದಿನ ಕಾಯಬೇಕಾಗುತ್ತಿತ್ತಂತೆ. ಅಷ್ಟು ಎತ್ತುಗಳಿಗೆ ಪ್ರತಿ ಇರುಳೂ ನೀರು, ಮೇವು, ನೆಲ ಸಿಗಬೇಕು. ಸಿಗದಿದ್ದರೆ ಮರುದಿನ ಪಯಣವಿಲ್ಲ. ನಾಯಕನೆಂಬ ಮುಂದಾಳಿನ ಮಾತೇ ಅಲ್ಲಿ ಅಂತಿಮ. ಬೀಡು ಬಿಟ್ಟೊಡನೆ ಹೇರುಗಳನ್ನು ಒಂದರ ಮೇಲೊಂದು ಪೇರಿಸಿ ಗೋಡೆಯಂತೆ ಮಾಡುತ್ತಿದ್ದರು. ಎತ್ತುಗಳನ್ನು ಕಟ್ಟಿಹಾಕಿ, ನಾಯಿಗಳನ್ನು ಕಾವಲಿಗೆ ಬಿಟ್ಟು ಮಲಗುತ್ತಿದ್ದರು. 19ನೆಯ ಶತಮಾನದಲ್ಲಿ ಗಾಡಿರಸ್ತೆಗಳೂ ರೈಲೂ ಬಂದು ಈ ಹೇರಿನ ವ್ಯಾಪಾರವನ್ನು ಕಸಿದುಕೊಂಡವು.

ಆದರೆ ವಿದ್ಯೆ ಅಳಿದಿಲ್ಲ. ಪ್ರತಿ ಫೆಬ್ರವರಿಯಲ್ಲಿ ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪಕ್ಕೆ, ಸಂತ ಸೇವಾಲಾಲರ ಜನ್ಮಸ್ಥಳವೆಂದು ನಂಬಿದ ಆ ಊರಿಗೆ, ಮಾಲಾಧಾರಿಗಳು ದೂರದೂರದಿಂದ ನಡೆದು ಬರುವುದನ್ನು ನಾವು ಕಂಡಿದ್ದೇವೆ. ವೇಳಾಂಗಣಿಯ ಕಥೆಯನ್ನು ತಾಂಡಾದ ಹಿರಿಯರೊಬ್ಬರಿಗೆ ಹೇಳಿದಾಗ ಅವರು ನಕ್ಕು, "ಹೊತ್ತು ಇಳಿದ ಮೇಲೆ ಜಾಗ ಹುಡುಕ್ತಾರೇನ್ರೀ? ಬಿಸಿಲಿದ್ದಾಗಲೇ ನೀರು ನೋಡ್ಬೇಕು, ಊರಿನೋರ ಮುಖ ನೋಡ್ಬೇಕು" ಎಂದರು. ಕೆರೆಯ ಅಂಗಳದಲ್ಲಿ ಮಲಗಬಾರದು, ಮೇಲೆಲ್ಲೋ ಮಳೆಯಾದರೆ ನೀರು ಬರುತ್ತದೆ. ಒಂಟಿ ಮರದಡಿ ಬೇಡ. ಸ್ಮಶಾನದ ಪಕ್ಕವಾದರೂ ಆದೀತು, ಹೆಂಡದಂಗಡಿಯ ಪಕ್ಕ ಸಲ್ಲದು. ಊರೊಳಗಿನ ಒಬ್ಬರಿಗಾದರೂ ನಾವು ಇಲ್ಲಿ ತಂಗಿದ್ದೇವೆಂದು ತಿಳಿಸಿರಬೇಕು. ಇವಿಷ್ಟನ್ನು ಅವರು ಎಲೆಯಡಿಕೆ ಮೆಲ್ಲುತ್ತ ಹೇಳಿದರು. ಯಾವ ಪ್ರವಾಸದ ಕೈಪಿಡಿಯಲ್ಲೂ ಇಷ್ಟು ಸ್ಪಷ್ಟವಾಗಿ ನಾವು ಓದಿಲ್ಲ.

ತಂಗುವವರ ವಿದ್ಯೆ ಹೀಗಾದರೆ, ತಂಗಲು ಎಡೆಗೊಡುವವರ ಪರಂಪರೆಯೂ ಇಲ್ಲಿಯದೇ. ನಮ್ಮ ವಾಹನ ಬೆಳಗಿನ ಜಾವದ ಮಬ್ಬಿನಲ್ಲಿ ದಾಟಿಹೋದ ಶಿರಾಳಕೊಪ್ಪದ ಸಮೀಪದಲ್ಲೇ ಬಳ್ಳಿಗಾವಿ ಇದೆ. ಅಲ್ಲಿಯ ಕೇದಾರೇಶ್ವರ ದೇಗುಲಕ್ಕೆ ಸೇರಿದ ಮಠಕ್ಕೆ, ಕೆರೆಯ ಕೋಡಿಯ ಬಳಿ ಇದ್ದುದರಿಂದ, ಕೋಡಿಯ ಮಠವೆಂದೇ ಹೆಸರು. ಕಾಳಾಮುಖ ಯತಿಗಳು ನಡೆಸುತ್ತಿದ್ದ ಆ ಮಠವನ್ನು ಕುರಿತ 1162ರ ಶಾಸನವು, ಅಲ್ಲಿ ನಡೆಯುತ್ತಿದ್ದ ವಿದ್ಯೆಗಳನ್ನು ಎಣಿಸಿದ ಮೇಲೆ, ಯಾರಿಗೆಲ್ಲ ಅನ್ನ ಸಿಗುತ್ತಿತ್ತೆಂದು ಹೇಳುತ್ತದೆ: ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು, ಕಥೆ ಹೇಳುವವರು, ಹಾಡುವವರು, ನುಡಿಸುವವರು, ನಾನಾ ದೇಶಗಳಿಂದ ಬಂದ ಭಿಕ್ಷುಗಳು, ಬೇರೆ ಮತದ ಕ್ಷಪಣಕರು ಸಹ. ರೋಗಿಗಳಿಗೆ ಔಷಧೋಪಚಾರವಿತ್ತು, ಸಕಲ ಜೀವಿಗಳಿಗೂ ಅಭಯವಿತ್ತು. ಈ ಪಟ್ಟಿಯನ್ನು ಓದುವಾಗಲೆಲ್ಲ ಅದನ್ನು ಸಿದ್ಧಪಡಿಸಿದವನು ಬಾಗಿಲಲ್ಲಿ ನಿಂತು ಬಂದವರನ್ನು ಕಣ್ಣಾರೆ ಕಂಡಿದ್ದನೆಂದು ನಮಗೆ ತೋರುತ್ತದೆ. ಪಕ್ಕದ ತಾಳಗುಂದದ ಸ್ತಂಭಶಾಸನವು ಇನ್ನೂ ಹಳೆಯ ಪಯಣವೊಂದನ್ನು ಹೇಳುತ್ತದೆ. ಮಯೂರಶರ್ಮನು ತನ್ನ ಗುರು ವೀರಶರ್ಮನೊಡನೆ ಓದಲೆಂದು ಪಲ್ಲವರ ಕಂಚಿಗೆ ಹೋದನು. ನಾವು ಹಿಡಿದದ್ದೂ ಹೆಚ್ಚುಕಡಿಮೆ ಅದೇ ದಿಕ್ಕಿನ ದಾರಿಯನ್ನೇ. ಅವರು ಎಷ್ಟು ಕಡೆ ತಂಗಿದರೋ ಶಾಸನ ಹೇಳುವುದಿಲ್ಲ. ಕಂಚಿಯಲ್ಲಿ ಜಗಳವಾಯಿತೆಂದು ಮಾತ್ರ ಹೇಳುತ್ತದೆ!

ನಮ್ಮ ಮಲೆನಾಡಿನಲ್ಲೇ ಪರದೇಶಿಯಾಗಿ ಇರುಳು ಕಳೆದ ಒಬ್ಬ ಕಥೋಲಿಕ ಯಾತ್ರಿಕನನ್ನೂ ಇಲ್ಲಿ ನೆನೆಯಬೇಕು. ರೋಮಿನ ಪಿಯೆತ್ರೊ ದೆಲ್ಲಾ ವಾಲ್ಲೆ 1614ರಲ್ಲಿ ಸ್ವದೇಶವನ್ನು ಬಿಟ್ಟು, ತುರ್ಕಿ, ಪರ್ಷಿಯಾಗಳನ್ನು ಸುತ್ತಿ, 1623ರಲ್ಲಿ ಗೋವೆಯಿಂದ ಪೋರ್ಚುಗೀಸರ ರಾಯಭಾರಿಯೊಡನೆ ಇಕ್ಕೇರಿಯ ವೆಂಕಟಪ್ಪ ನಾಯಕನ ಬಳಿಗೆ ಹೊರಟನು. ಹೊನ್ನಾವರದಿಂದ ಗೇರುಸೊಪ್ಪೆಯವರೆಗೆ ದೋಣಿ, ಅಲ್ಲಿಂದ ಘಟ್ಟ. ಹೊರೆಯಾಳುಗಳು ಸಮಯಕ್ಕೆ ಸಿಗರು, ಸಾಮಾನು ಹಿಂದುಳಿಯುವುದು, ಅಂಥದೇ ತಾಪತ್ರಯಗಳು. ಘಟ್ಟದ ಮೇಲೆ ಅವರಿಗೆ ಆಸರೆಯಾದುದು ಹನುಮಂತನ ಗುಡಿ. ಹೊರೆಗಳು ಸಜ್ಜಾಗುವ ತನಕ ಅವನು ಗುಡಿಯ ಜಗುಲಿಯಲ್ಲಿ ಕುಳಿತು, ಹುಡುಗರು ನೆಲದ ಮೇಲೆ ಮರಳು ಹರಡಿ, ರಾಗವಾಗಿ ಹೇಳುತ್ತ, ಬೆರಳಿನಿಂದ ಬರೆದು ಲೆಕ್ಕ ಕಲಿಯುವುದನ್ನು ನೋಡಿದನು. ಆ ಜಗುಲಿಯ ಶಾಲೆಯ ವರ್ಣನೆಯಿಂದಲೇ ಇಂದು ಅವನ ಪತ್ರಗಳನ್ನು ನಮ್ಮವರು ನೆನೆಯುವುದು. ಊರವರು ಬೇಡವೆಂದು ಅಟ್ಟಿದ್ದರೆ ಆ ಪುಟ ಬರೆಯಲಾಗುತ್ತಲೇ ಇರಲಿಲ್ಲ. ಅದಕ್ಕೆ ಎರಡು ವರ್ಷಗಳ ಮುಂಚೆ ಪರ್ಷಿಯಾದ ದಾರಿಯಲ್ಲಿ ತೀರಿಕೊಂಡ ಹೆಂಡತಿ ಮಾನಿಯ ದೇಹವನ್ನು ಅವನು ಕೆಡದಂತೆ ಸಂಸ್ಕರಿಸಿ, ಸಾಮಾನಿನ ನಡುವೆ ಅಡಗಿಸಿಟ್ಟು, ರೋಮಿಗೆ ಒಯ್ದು ಅರಚೇಲಿಯ ದೇವಾಲಯದಲ್ಲಿ ಸಮಾಧಿ ಮಾಡಿಸಿದನು. ಇಂಥ ಹೊರೆಯೊಡನೆ ಬೀಡು ಹುಡುಕುವವನ ಮನಸ್ಸು ಹೇಗಿದ್ದೀತು!

ಇಂದು ಹೊರದೇಶಗಳಲ್ಲಿ ನೆಲೆಸಿರುವ ನಮ್ಮವರು ಮಲಗುವ ಮಂಚ, ಒಲೆಗಳಿರುವ ಕ್ಯಾರವಾನು ವಾಹನಗಳಲ್ಲಿ ವಾರಗಟ್ಟಲೆ ಸುತ್ತುತ್ತಾರೆ. ನ್ಯೂಜಿಲೆಂಡಿನಲ್ಲಿ ಇದಕ್ಕೆಂದೇ 2011ರಲ್ಲಿ ಕಾನೂನು ಆಯಿತು. ಎಲ್ಲೆಲ್ಲಿ ತಂಗಬಾರದೆಂದು ನಿರ್ಬಂಧಿಸುವ ಅಧಿಕಾರ ಸ್ಥಳೀಯ ಆಡಳಿತಕ್ಕಿದೆ. 2023ರ ತಿದ್ದುಪಡಿಯಿಂದ, ಸ್ವಯಂಪೂರ್ಣವೆಂಬ ಪ್ರಮಾಣಪತ್ರ ಬೇಕಾದರೆ ವಾಹನದೊಳಗೆ ಭದ್ರವಾಗಿ ಜೋಡಿಸಿದ ಶೌಚದ ವ್ಯವಸ್ಥೆ ಇರಲೇಬೇಕು. ಕೇಳಲು ಕಟುವಾದ ನಿಯಮ. ಆದರೆ ಬಯಲಲ್ಲಿ ಬೀಡುಬಿಟ್ಟವರು ಬೆಳಿಗ್ಗೆ ಏನನ್ನು ಬಿಟ್ಟುಹೋಗುತ್ತಾರೆಂಬುದೇ ಎಲ್ಲ ದೇಶಗಳಲ್ಲೂ ಊರವರ ಮೊದಲ ದೂರು. ನಮ್ಮ ಹೆಣ್ಣುಮಕ್ಕಳಿಗಂತೂ ಬೀಡಿನ ಪ್ರಶ್ನೆಯೆಂದರೆ ಬಹುಪಾಲು ಶೌಚಾಲಯದ ಪ್ರಶ್ನೆಯೇ. ದಾರಿಯುದ್ದಕ್ಕೂ ನೀರು ಕುಡಿಯದೆ ಕುಳಿತಿದ್ದೆವೆಂದು ನಮ್ಮ ಮನೆಯವರು ಹೇಳಿದ್ದು ಮರಳಿದ ಮೇಲೆ. ಗಂಡಸರಾದ ನಮಗೆ ಕೇಳಬೇಕೆಂದು ತೋಚಿರಲಿಲ್ಲ.

ಮರಳುವಾಗ ಹಾಗೆ ಮಾಡಲಿಲ್ಲ. ಮಧ್ಯಾಹ್ನವೇ ತಂಜಾವೂರು ದಾಟಿ, ಪೂಂಡಿ ಮಾತೆಯ ಬಸಿಲಿಕಾದಲ್ಲಿ ನಾಲ್ಕು ಗಂಟೆಗೆ ವಾಹನ ನಿಲ್ಲಿಸಿದೆವು. ಅಜ್ಜಿ ಮೊದಲು ಶೌಚಾಲಯವನ್ನೂ ಆಮೇಲೆ ದೇವಾಲಯವನ್ನೂ ನೋಡಿಬಂದು ಒಪ್ಪಿಗೆ ಕೊಟ್ಟರು. ಚಾಲಕನಿಗೆ ಮೊದಲು ಬಡಿಸಿ, ಗಾಳಿ ಬರುವ ಮೂಲೆಯಲ್ಲಿ ಅವನ ಚಾಪೆ ಹಾಸಿದೆವು. ಒಂಬತ್ತಕ್ಕೆ ಮಲಗಿದವನು ಬೆಳಿಗ್ಗೆ ಐದಕ್ಕೆ ಎದ್ದನು. ಒಂದು ದಿನ ಹೆಚ್ಚಾಯಿತು, ಬಾಡಿಗೆಯೂ ಹೆಚ್ಚಾಯಿತು. ಕೊಟ್ಟೆವು.

ಅದಾದ ನಂತರದ ಜನವರಿಯಲ್ಲಿ, ಇರುಳು ಹತ್ತರ ಸುಮಾರಿಗೆ, ನಮ್ಮ ದೇವಾಲಯದ ಗೇಟಿನ ಮುಂದೆ ಹಾವೇರಿ ಕಡೆಯ ವಾಹನವೊಂದು ಬಂದು ನಿಂತಿತು. ಶಬರಿಮಲೆಗೆ ಹೊರಟ ಹದಿನೈದು ಇಪ್ಪತ್ತು ಮಂದಿ ಕಪ್ಪು ಬಟ್ಟೆಯ ಸ್ವಾಮಿಗಳು. ಮುಂದಿನ ದೀಪ ಕೆಟ್ಟಿದೆ, ಬೆಳಗಿನವರೆಗೆ ಒಳಗೆ ನಿಲ್ಲಿಸಬಹುದೇ ಎಂದು ಅವರ ಗುರುಸ್ವಾಮಿ ಸಂಕೋಚದಿಂದ ಕೇಳಿದರು. ನಾವು ಧರ್ಮಗುರುಗಳ ಬಾಗಿಲು ತಟ್ಟಿದೆವು. ಅವರು ಹೊದ್ದ ಶಾಲಿನಲ್ಲೇ ಬಂದು ಗೇಟಿನ ಬೀಗ ತೆಗೆದು, ಬಾವಿಯ ಹಗ್ಗ ಎಲ್ಲಿದೆಯೆಂದು ತೋರಿಸಿ, ಧರ್ಮಬೋಧನೆಯ ಕೊಠಡಿಯ ಬೀಗದ ಕೈಯನ್ನು ಗುರುಸ್ವಾಮಿಯ ಕೈಗಿತ್ತರು. ಹೆಚ್ಚು ಮಾತಾಗಲಿಲ್ಲ. ಬೆಳಗಿನ ಪೂಜೆಗೆ ನಾವು ಬರುವಷ್ಟರಲ್ಲಿ ವಾಹನ ಹೊರಟುಹೋಗಿತ್ತು. ಅಂಗಳ ಗುಡಿಸಿತ್ತು. ಬೀಗದ ಕೈ, ಒಂದು ಚಿಪ್ಪು ಬಾಳೆಹಣ್ಣಿನೊಡನೆ, ಗುರುಗಳ ಕಿಟಕಿಯ ಮೇಲಿತ್ತು.